ಟಾಪಿಗೊಂದು ತೇಪೆ

ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋಕೆ ಹೋದಾಗ ನಾವೆಲ್ಲ ಏನೇನು ನೋಡ್ತೀವಿ? ಕಿಲೋಮೀಟರ್ ಎಷ್ಟು ಓಡಿದೆ, ಟೈರು ಎಷ್ಟು ಸವೆದಿದೆ, ಎಷ್ಟನೇ ಓನರ್, ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ. ಸ್ವಲ್ಪ ಗೊತ್ತಿರೋರು ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ಮೂಸಿ ನೋಡ್ತಾರೆ. ಕಾರಿನ ಟಾಪ್ ನೋಡೋರು ಕಮ್ಮಿ. ಟಾಪ್ ಅಂದ್ರೆ ಕಾರಿನ ಚಾವಣಿ, ನಮ್ಮ ಕಣ್ಣಿನ ಮಟ್ಟಕ್ಕಿಂತ ಮೇಲಿರೋದು, ಧೂಳು ಕೂತಿರೋದು.

ಯಾದಗಿರಿ, ಶಹಾಪುರ, ಸುರಪುರದ ಕಡೆ ಹಳೇ ಗಾಡಿ ವ್ಯಾಪಾರ ಬಲ್ಲವರು ಮಾತ್ರ ಮೊದಲು ಟಾಪಿನ ಮೇಲೆ ಕೈ ಆಡಿಸ್ತಾರೆ. ಯಾಕಂದ್ರೆ ಆ ಕಡೆ ಟಾಪ್ ಅನ್ನೋದು ಬರೀ ಮುಚ್ಚಳ ಅಲ್ಲ, ಅದೊಂದು ಜಾಗ. ಅಲ್ಲಿ ಕ್ಯಾರಿಯರ್ ಕೂರುತ್ತೆ, ಹತ್ತಿ ಅಂಡಿಗೆ ಕೂರುತ್ತೆ, ಮೈಕ್ ಕೂರುತ್ತೆ, ಮದುವೆ ಸಾಮಾನು ಕೂರುತ್ತೆ, ಜಾತ್ರೆ ದಿನ ಮನುಷ್ಯರೂ ಕೂರ್ತಾರೆ. ಒಂದು ಕಾಲದಲ್ಲಿ ಕೆಂಪು ದೀಪವೂ ಕೂತಿತ್ತು. ಇವೆಲ್ಲ ಎದ್ದು ಹೋದ ಮೇಲೆ ಉಳಿಯೋದು ತೂತು. ಈ ಲೇಖನ ಆ ತೂತುಗಳ ಚರಿತ್ರೆ, ಮತ್ತೆ ಅವನ್ನು ಮುಚ್ಚಿದವರ ಚರಿತ್ರೆ.

ಮೊದಲು ಒಂದು ಪ್ರಶ್ನೆ: ಕಾರಿಗೆ ಕಬ್ಬಿಣದ ಟಾಪ್ ಬಂದಿದ್ದು ಯಾವಾಗ?

ನಾವು ಅಂದುಕೊಂಡಿರೋದಕ್ಕಿಂತ ತಡವಾಗಿ. 1841ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಸುರಪುರ ಸಂಸ್ಥಾನದ ಉಸ್ತುವಾರಿಗೆ ಬಂದಾಗ ಈ ಸೀಮೆಯಲ್ಲಿ ದೊಡ್ಡವರ ಪ್ರಯಾಣ ಅಂದ್ರೆ ಕುದುರೆ, ಪಲ್ಲಕ್ಕಿ. ಉಳಿದವರಿಗೆ ಚಕ್ಕಡಿ. ಚಕ್ಕಡಿಗೆ ಮಳೆ-ಬಿಸಿಲಿನ ರಕ್ಷಣೆ ಬೇಕಿದ್ರೆ ಬಿದಿರಿನ ಕಮಾನು ಬಗ್ಗಿಸಿ ಚಾಪೆಯೋ ತಟ್ಟೋ ಹೊದಿಸೋದು. ಅದರಲ್ಲಿ ತೂತು ಬಿದ್ರೆ ಸೂಜಿ, ದಾರ, ಒಂದು ತುಂಡು ಗೋಣಿ ಇದ್ರೆ ಆಯ್ತು, ಮನೆಯವರೇ ತೇಪೆ ಹಾಕ್ತಿದ್ರು. ಸುರಪುರದ ಗುಡ್ಡದ ಮೇಲೆ ಟೇಲರ್ ಕಟ್ಟಿಸಿಕೊಂಡ ಬಂಗಲೆ ಟೇಲರ್ ಮಂಜಿಲ್ ಅನ್ನೋ ಹೆಸರಲ್ಲಿ ಇವತ್ತಿಗೂ ನಿಂತಿದೆ. ಅವನು ಹೋದ ಕೆಲವೇ ವರ್ಷಕ್ಕೆ, 1858ರಲ್ಲಿ, ಅವನೇ ಚಿಕ್ಕಂದಿನಿಂದ ನೋಡಿದ್ದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಂತು ಸೋತ, ಸಂಸ್ಥಾನ ಹೋಯ್ತು, ಸೀಮೆ ನಿಜಾಮರ ಕೈಗೆ ಬಂತು. 1871ರಲ್ಲಿ ಮುಂಬೈ-ಮದ್ರಾಸ್ ರೈಲು ದಾರಿ ರಾಯಚೂರಿನಲ್ಲಿ ಕೂಡಿಕೊಂಡಾಗ ಯಾದಗಿರಿಗೆ ರೈಲು ಸಿಕ್ತು. ಶಹಾಪುರ, ಸುರಪುರಕ್ಕೆ ಸಿಗಲಿಲ್ಲ. ಅಲ್ಲಿಂದ ಮುಂದೆ ಆ ಎರಡು ಊರಿನ ಕಥೆ ರಸ್ತೆಯ ಕಥೆ, ಅಂದ್ರೆ ಗಾಡಿಗಳ ಕಥೆ. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದವರನ್ನು ಭೀಮಾ ನದಿ ದಾಟಿಸಿ ಒಳಗಿನ ಊರುಗಳಿಗೆ ಮುಟ್ಟಿಸೋಕೆ ಏನಾದ್ರೂ ಒಂದು ಓಡಬೇಕಿತ್ತಲ್ಲ.

1932ರ ಜೂನ್‌ನಲ್ಲಿ ನಿಜಾಮರ ರೈಲ್ವೆಯೇ 27 ಬಸ್ಸುಗಳನ್ನಿಟ್ಟುಕೊಂಡು ರಸ್ತೆ ಸಾರಿಗೆ ಇಲಾಖೆ ಶುರು ಮಾಡಿತು. ಮೋಟಾರು ಅನ್ನೋದು ರಾಜ-ನವಾಬರಿಂದ ಕೆಳಗಿಳಿದು ಟಿಕೆಟ್ ಕೊಂಡವರ ಕೈಗೆ ಸಿಗೋಕೆ ಶುರುವಾಗಿದ್ದು ಆಗ. ಅದಕ್ಕೂ ಮೊದಲು ಹೈದರಾಬಾದಿನ ಮೋಟಾರು ಅಂದ್ರೆ 1912ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್. ಒಳಗೆ ಸಿಂಹಾಸನದಂಥ ಆಸನ ಇಡಬೇಕು ಅಂತ ಅದರ ಚಾವಣಿಯನ್ನು ಗುಮ್ಮಟದ ಹಾಗೆ ಎತ್ತರಿಸಿ ಕಟ್ಟಿಸಿದ್ರು. ಚೌಮಹಲ್ಲಾ ಅರಮನೆಗೆ ಹೋದ್ರೆ ಈಗಲೂ ನೋಡಬಹುದು. ತಲೆ ಮೇಲಿನ ಜಾಗ ಎಷ್ಟಿದೆ ಅನ್ನೋದರ ಮೇಲೆ ಯಾರು ಎಷ್ಟು ದೊಡ್ಡವರು ಅಂತ ಹೇಳೋ ಅಭ್ಯಾಸ ನಮ್ಮಲ್ಲಿ ಹಳೇದು.

ಆ ಕಾಲದ ಸಾಮಾನ್ಯ ಕಾರುಗಳಲ್ಲಿ ಬಾಗಿಲು, ಪಕ್ಕದ ಗೋಡೆ ಎಲ್ಲ ಉಕ್ಕಿನದಾದ ಮೇಲೂ ಚಾವಣಿಯ ನಡುಭಾಗ ಮಾತ್ರ ಬಟ್ಟೆಯದೇ ಇತ್ತು. ಮರದ ಪಟ್ಟಿಗಳ ಮೇಲೆ ಬಿಗಿದು, ನೀರು ಹಿಡಿಯದ ಲೇಪ ಬಳಿದ ದಪ್ಪ ಬಟ್ಟೆ. ಕಾರಣ ಸೀದಾ. ಅಷ್ಟು ಅಗಲದ ತಗಡನ್ನು ಉರುಳಿಸಿ ತೆಗೆಯೋ ಗಿರಣಿ, ಅದನ್ನು ಒಂದೇ ಏಟಿಗೆ ಬಗ್ಗಿಸೋ ಪ್ರೆಸ್ ಇರಲಿಲ್ಲ. ಬಟ್ಟೆ ಬಿಸಿಲಿಗೆ ಸೀಳ್ತಿತ್ತು, ಹೊಲಿಗೆಯ ಹತ್ತಿರ ಸೋರ್ತಿತ್ತು, ಮಾಲೀಕರು ವರ್ಷ ವರ್ಷ ಲೇಪ ಬಳಿಸ್ತಿದ್ರು. 1935ರ ಮಾದರಿಗಳಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಇಡೀ ಚಾವಣಿಯನ್ನು ಒಂದೇ ಉಕ್ಕಿನ ತಗಡಿನಲ್ಲಿ ಒತ್ತಿ ತೆಗೆದು 'ಟರೆಟ್ ಟಾಪ್' ಅಂತ ಹೆಸರಿಟ್ಟು ಮಾರಿತು. ಬೆಸುಗೆ ಇಲ್ಲ, ಹೊಲಿಗೆ ಇಲ್ಲ, ಸೋರೋಕೆ ದಾರಿಯೇ ಇಲ್ಲ ಅಂತ ಜಾಹೀರಾತು. ಉಳಿದ ಕಂಪನಿಗಳು ಬೇಗನೇ ಹಿಂದೆ ಬಂದವು.

ದಾರಿ ಇಲ್ಲ ಅನ್ನೋದು ನಿಜವೇ, ಯಾರೂ ತೂತು ಕೊರೆಯದೇ ಇದ್ರೆ. ಆದ್ರೆ ಬಟ್ಟೆ ಹರಿದ್ರೆ ಹೊಲಿದು ಮುಗಿಸಬಹುದಿತ್ತು. ಉಕ್ಕಿಗೆ ತೂತು ಬಿದ್ರೆ ಬೆಂಕಿ ಬೇಕು, ಕಸುಬುದಾರ ಬೇಕು. ಮುಚ್ಚದೇ ಬಿಟ್ರೆ ತೂತು ತಾನಾಗೇ ಬೆಳೆಯುತ್ತೆ, ಯಾಕಂದ್ರೆ ಉಕ್ಕಿಗೆ ತುಕ್ಕು ಹಿಡಿಯುತ್ತೆ.

ಈ ಉಕ್ಕಿನ ಟಾಪ್ ನಮ್ಮ ಸೀಮೆಗೆ ಹೆಚ್ಚಾಗಿ ಬಂದಿದ್ದು ಸರ್ಕಾರದ ಜೊತೆ. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರ ನವೆಂಬರ್ 1ಕ್ಕೆ ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ನಾರಾಯಣಪುರದಲ್ಲಿ ಬಸವಸಾಗರ ಕಟ್ಟೆ ಎದ್ದಿತು, ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳ ಕಡೆ ಹರಿಯಿತು, ಶಹಾಪುರದ ಹತ್ತಿರ ಭೀಮರಾಯನಗುಡಿಯಲ್ಲಿ ಯೋಜನೆಯ ಕಚೇರಿ, ಕ್ವಾರ್ಟರ್ಸ್ ಎದ್ದವು. ಕಾಲುವೆ ದಂಡೆ ಮೇಲೆ ಓಡಾಡೋಕೆ ಜೀಪು, ದೊಡ್ಡ ಸಾಹೇಬರಿಗೆ ಅಂಬಾಸಿಡರ್. ಜೀಪಿಗೆ ತಾಡಪತ್ರಿಯ ಹುಡ್, ಹರಿದ್ರೆ ಚಕ್ಕಡಿ ಕಾಲದ ಹಾಗೇ ಸೂಜಿ-ದಾರ. ಅಂಬಾಸಿಡರಿಗೆ ದಪ್ಪ ತಗಡಿನ ದುಂಡು ಟಾಪ್.

ಅಂಬಾಸಿಡರ್ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಭಾರತೀಯ ರೂಪ. 1950ರ ದಶಕದ ಕೊನೆಯಿಂದ 2014ರವರೆಗೆ ಕೋಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ ತಯಾರಾಯಿತು. ಇದರಲ್ಲಿ, ಫಿಯಟ್-ಪದ್ಮಿನಿಯಲ್ಲಿ, ಹಳೇ ವ್ಯಾನುಗಳಲ್ಲಿ ನೀವು ಗಮನಿಸಿರಬಹುದು: ಟಾಪಿನ ಎರಡೂ ಅಂಚಿಗೆ ಉದ್ದಕ್ಕೆ ಒಂದು ಸಣ್ಣ ಗಟಾರ ಇರುತ್ತೆ. ಮಳೆ ನೀರು ಬಾಗಿಲ ಮೇಲೆ ಸುರಿಯದ ಹಾಗೆ ಪಕ್ಕಕ್ಕೆ ಹರಿಸೋದು ಅದರ ಕೆಲಸ. ಆದ್ರೆ ಜನ ಅದಕ್ಕೆ ಇನ್ನೊಂದು ಕೆಲಸ ಕಂಡುಕೊಂಡ್ರು. ಕ್ಯಾರಿಯರಿನ ಕಾಲುಗಳನ್ನು ಆ ಗಟಾರಕ್ಕೆ ಕ್ಲಾಂಪ್ ಹಾಕಿ ಬಿಗಿದ್ರೆ ತೂತು ಕೊರೆಯೋ ಅಗತ್ಯವೇ ಇಲ್ಲ. ಮುಂದೆ ಗಾಳಿ ಸೀಳಿಕೊಂಡು ಹೋಗೋ ನುಣುಪು ಆಕಾರದ ಕಾರುಗಳು ಬಂದವು, ಗಟಾರ ಮಾಯವಾಯ್ತು. ಕಂಪನಿಯೇ ಕೊಟ್ಟ ಜಾಗದಲ್ಲಿ ಕಂಪನಿಯದೇ ದುಬಾರಿ ಕ್ಯಾರಿಯರ್ ಹಾಕಿ ಅಂತ ಲೆಕ್ಕ. ಶಹಾಪುರದಲ್ಲಿ ಅದನ್ನು ಯಾರು ಹಾಕಿಸ್ತಾರೆ? ಡ್ರಿಲ್ ಮಶೀನ್ ಹಿಡ್ಕೊಂಡು ಕೊರೆದು, ರಬ್ಬರ್ ವಾಷರ್ ಕೊಟ್ಟು, ನಟ್ಟು ಬಿಗಿದ್ರೆ ಅರ್ಧ ಗಂಟೆಯ ಕೆಲಸ.

ಆ ರಬ್ಬರ್ ವಾಷರಿನ ಆಯುಷ್ಯ ಎಷ್ಟು? ಏಪ್ರಿಲ್-ಮೇನಲ್ಲಿ ಯಾದಗಿರಿಯ ಬಿಸಿಲಿಗೆ ನಿಂತ ಕಾರಿನ ಟಾಪ್ ಮುಟ್ಟಿದ್ರೆ ಚುರ್ ಅನ್ನುತ್ತೆ. ರಾತ್ರಿ ತಣ್ಣಗಾಗುತ್ತೆ. ದಿನಾ ತಗಡು ಹಿಗ್ಗಿ ಕುಗ್ಗುತ್ತೆ, ರಬ್ಬರ್ ಒಣಗಿ ಬಿರಿಯುತ್ತೆ, ಮೇಲಿನ ಭಾರಕ್ಕೆ ಬೋಲ್ಟ್ ಅಲುಗಾಡಿ ತೂತು ದೊಡ್ಡದಾಗುತ್ತೆ. ಮತ್ತೊಂದು ಸೂಕ್ಷ್ಮ ಇದೆ. ಕಳೆದ ನಾಲ್ಕೈದು ದಶಕಗಳಿಂದ ಕಾರಿನ ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ, ಸಂದಿಗೊಂದಿಗೂ ಬಣ್ಣ ಹಿಡಿಸ್ತಾರೆ. ಒಂದು ತೂತು ಕೊರೆದ ಕೂಡ್ಲೇ ಆ ಕವಚ ಅಲ್ಲಿ ಸೀಳಿತು. ತೂತಿನ ಅಂಚು ಬರೀ ಉಕ್ಕು. ಡ್ರಿಲ್‌ನಿಂದ ಹಾರಿದ ಬಿಸಿ ಲೋಹದ ಚೂರುಗಳು ಟಾಪಿನ ಮೇಲೆ ಅಲ್ಲಲ್ಲಿ ಅಂಟಿ ಕೂತ್ರೆ ಅವೂ ತುಕ್ಕಿನ ಬೀಜಗಳೇ.

ಬಿಸಿಲುನಾಡಿನಲ್ಲಿ ಇದರ ಆಟ ಬೇರೆ. ವರ್ಷದಲ್ಲಿ ಎಂಟು ತಿಂಗಳು ಟಾಪ್ ಸೋರುತ್ತೋ ಇಲ್ವೋ ಅಂತ ಯಾರಿಗೂ ಗೊತ್ತೇ ಆಗಲ್ಲ. ಮಿರಗದ ಮಳೆ ಒಂದು ಸಲ ಸುರಿದ ಮಾರನೇ ದಿನ ಗ್ಯಾರೇಜಿನ ಮುಂದೆ ಸಾಲು.

'ಉಸ್ತಾದ್, ಟಾಪ್ ಸೋರ್ಲಿಕತ್ತದ ನೋಡ್ರಿ. ಡ್ರೈವರ್ ಸೀಟಿನ ಮ್ಯಾಲೇ ಬೀಳ್ಲಿಕತ್ತದ.'

'ಒಳಗ ಎಲ್ಲಿ ಬೀಳ್ತದ ಅದು ಬಿಡ್ರಿ ಸಾವ್ಕಾರ್ರ. ಹೊರಗ ಎಲ್ಲಿಂದ ಬರ್ತದ ಅದು ನೋಡೂಣು.'

ಈ ಕಡೆಯ ಯಾವ ಗ್ಯಾರೇಜಿನಲ್ಲಾದ್ರೂ ಕೇಳಿಬರಬಹುದಾದ ಮಾತಿದು. ಇದು ಕಾರಿನಿಂದ ಕಲಿತ ಬುದ್ಧಿ ಅಲ್ಲ, ಮಾಳಿಗೆ ಮನೆಯಿಂದ ಬಂದ ಬುದ್ಧಿ. ಈ ಭಾಗದ ಹಳೇ ಮನೆಗಳ ಚಾವಣಿ ಅಂದ್ರೆ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ, ತೊಪ್ಪಲು, ಆಮೇಲೆ ಗೇಣುಗಟ್ಟಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಬೆಳೆದ ಹುಲ್ಲು ಕಿತ್ತು, ಇಲಿ ಬಿಲ ಮುಚ್ಚಿ, ಸವಳು ಮಣ್ಣು ಹರಡ್ತಿದ್ರು. ಸವಳು ಮಣ್ಣಿನಲ್ಲಿ ಸೋಡಿಯಂ ಅಂಶ ಜಾಸ್ತಿ, ನೀರು ಬಿದ್ದ ತಕ್ಷಣ ಜೇಡಿ ಕಣಗಳು ಬಿಡಿಬಿಡಿಯಾಗಿ ಉಬ್ಬಿ ಸಂದುಗಳನ್ನು ಮುಚ್ಚಿಬಿಡುತ್ತವೆ. ಬೆಳೆಗೆ ಬಾರದ ಮಣ್ಣು ಮಾಳಿಗೆಗೆ ಬಂತು. ಶಹಾಬಾದ್ ಪರಸಿ ಹಾಸಿದ ಚಾವಣಿಯಲ್ಲೂ ಅಷ್ಟೇ, ಕಲ್ಲು-ಕಲ್ಲಿನ ನಡುವಿನ ಸಂದನ್ನು ಮೇಲಿನಿಂದ ತುಂಬಬೇಕು. ಒಳಗೆ ಹನಿ ಬೀಳೋ ಕಡೆ ಕೆಳಗಿನಿಂದ ಎಷ್ಟು ಸಿಮೆಂಟ್ ಮೆತ್ತಿದ್ರೂ ನೀರು ಇನ್ನೊಂದು ಕಡೆ ದಾರಿ ಹುಡುಕಿಕೊಳ್ಳುತ್ತೆ. ಕಾರಿನಲ್ಲೂ ಹಿಂದಿನ ಬೋಲ್ಟಿನ ತೂತಿನಲ್ಲಿ ಇಳಿದ ನೀರು ಒಳಗಿನ ಸೀಲಿಂಗ್ ಬಟ್ಟೆಯ ಮೇಲೆ ಹರಿದು, ಬ್ರೇಕ್ ಹಾಕಿದಾಗ ಮುಂದೆ ಜಾರಿ, ಡ್ರೈವರ್ ತಲೆ ಮೇಲೆ ತೊಟ್ಟಿಕ್ಕುತ್ತೆ.

ಇನ್ನು ತೂತು ಮುಚ್ಚೋರ ವಿಷಯ. ಬೆಂಗಳೂರಿನಲ್ಲಿ ಇವರನ್ನು ಟಿಂಕರ್ ಅಂತೀವಿ, ಯಾದಗಿರಿ ಕಡೆ ಡೆಂಟಿಂಗ್-ಪೇಂಟಿಂಗಿನವರು ಅಂತಾರೆ. ಟಿಂಕರ್ ಅನ್ನೋ ಪದದ ಪ್ರಯಾಣ ಚೆನ್ನಾಗಿದೆ. ಇಂಗ್ಲೆಂಡಿನಲ್ಲಿ ಟಿಂಕರ್ ಅಂದ್ರೆ ಊರೂರು ತಿರುಗಿ ತೂತು ಬಿದ್ದ ಪಾತ್ರೆ ರಿಪೇರಿ ಮಾಡುವವನು. 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಬರೆದ ಜಾನ್ ಬನ್ಯನ್ ಕೂಡ ಆ ಕಸುಬಿನವನೇ. ಅಲ್ಲಿ ಕಾಲಕ್ರಮದಲ್ಲಿ ಅದು ಬೈಗುಳದ ಹಾಗಾಯ್ತು. 'ಟಿಂಕರಿಂಗ್' ಅಂದ್ರೆ ಸುಮ್ನೆ ಏನೋ ಕೆದಕೋದು ಅನ್ನೋ ಅರ್ಥ ಬಂತು. ನಮ್ಮಲ್ಲಿ ಅದೇ ಪದ ಗ್ಯಾರೇಜಿನ ಬೋರ್ಡಿನ ಮೇಲೆ ಗೌರವದ ಹುದ್ದೆಯಾಗಿ ಕೂತಿದೆ.

ನಮ್ಮ ಊರುಗಳಲ್ಲಿ ಆ ಕೆಲಸಕ್ಕೆ ಮೊದಲಿಂದ ಇದ್ದವರು ಕಲಾಯಿಯವರು. ತಾಮ್ರ-ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಕರಗಿಸಿ, ಅರಳೆಯಿಂದ ಒರೆಸಿ ಹೊಳೆಯೋ ಹಾಗೆ ಮಾಡೋರು. ನವಸಾಗರ ಲೋಹದ ಮೇಲಿನ ಕೊಳೆ ಪದರವನ್ನು ತಿಂದು ಹಾಕುತ್ತೆ, ಅದಾದ ಮೇಲೇ ತವರ ಹಿಡಿಯೋದು. ಈಗ 1930-50ರ ಕಾಲದ ಪಶ್ಚಿಮದ ಕಾರ್ ಗ್ಯಾರೇಜಿಗೆ ಬನ್ನಿ. ತಗಡಿನ ತೂತು, ತಗ್ಗು ಮುಚ್ಚೋಕೆ ಅವರು ಬಳಸ್ತಿದ್ದಿದ್ದು ಸೀಸ-ತವರದ ಬೆಸುಗೆ. ಮೊದಲು ತಗಡನ್ನು ಹೊಳೆಯೋವರೆಗೂ ಉಜ್ಜಿ, ಕೊಳೆ ತೆಗೆಯೋ ದ್ರಾವಣ ಬಳಿದು, ತವರದ ತೆಳು ಪದರ ಹಿಡಿಸೋದು. ಆಮೇಲೆ ಸೀಸವನ್ನು ಬೆಣ್ಣೆಯಷ್ಟು ಮೆತ್ತಗೆ ಕಾಯಿಸಿ ಮರದ ಹಲಗೆಯಿಂದ ಸವರೋದು. ಆ ಮೊದಲ ಹೆಜ್ಜೆ ಅಪ್ಪಟ ಕಲಾಯಿ. ಪಾತ್ರೆಗೆ ಕಲಾಯಿ ಹಾಕೋ ಕೈಗೆ ಆ ಕೆಲಸದಲ್ಲಿ ಹೊಸದು ಅನ್ನಿಸೋದು ತಗಡಿನ ಅಗಲ ಒಂದೇ.

ಗ್ಯಾಸ್ ವೆಲ್ಡಿಂಗಿನ ಟಾರ್ಚ್ ಫ್ರಾನ್ಸಿನಲ್ಲಿ 1903ರ ಹೊತ್ತಿಗೆ ಬಂತು. ಅಸಿಟಿಲಿನ್ ಮತ್ತು ಆಮ್ಲಜನಕ ಸೇರಿಸಿ ಉರಿಸಿದ್ರೆ ಉಕ್ಕು ಕರಗೋ ಬೆಂಕಿ. ಭಾರತದ ಸಣ್ಣ ಊರುಗಳಲ್ಲಿ ಅಸಿಟಿಲಿನ್ ಸಿಲಿಂಡರ್ ಬೇಕಂತಲೇ ಇರಲಿಲ್ಲ. ಒಂದು ಡಬ್ಬದಲ್ಲಿ ಕಾರ್ಬೈಡ್ ಕಲ್ಲು ಹಾಕಿ ನೀರು ಬಿಟ್ರೆ ಗ್ಯಾಸ್ ಬರುತ್ತೆ. ಬೆಳ್ಳುಳ್ಳಿಯಂಥ ಆ ಕಮಟು ವಾಸನೆ, ಪಕ್ಕದಲ್ಲಿ ಸುರಿದ ಬಿಳೀ ಸುಣ್ಣದ ಗಸಿ, ಇವೆರಡು ಇದ್ರೆ ಅಲ್ಲೊಂದು ವೆಲ್ಡಿಂಗ್ ಅಂಗಡಿ ಇದೆ ಅಂತ ಲೆಕ್ಕ. ಅಪಾಯದ ಕೆಲಸ. ಆ ಡಬ್ಬ ಸಿಡಿದ್ರೆ ಮನುಷ್ಯ ಉಳಿಯೋದು ಕಷ್ಟ. ಬಹಳ ಜನ ಕಣ್ಣಿಗೆ ಕಪ್ಪು ಕನ್ನಡಕವೂ ಇಲ್ಲದೇ ಇದನ್ನು ಮಾಡಿದ್ದಾರೆ.

ಅವರಿಗೆ ಕೆಲಸ ಯಾಕೆ ಅಷ್ಟು ಇತ್ತು ಅನ್ನೋದನ್ನು ಮರೀಬಾರದು. ಲೈಸೆನ್ಸ್ ಕಾಲದಲ್ಲಿ ಹೊಸ ಕಾರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ರಸ್ತೆಗೆ ಇಳಿಯೋವರೆಗೂ ಆಯ್ಕೆ ಅಂದ್ರೆ ಎರಡು-ಮೂರು ಗಾಡಿ. ಹಾಗಾಗಿ ಒಂದು ಕಾರು ಸಾಯೋ ಹಾಗಿರಲಿಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷ, ಹುಬ್ಬಳ್ಳಿಯಲ್ಲಿ ಹತ್ತು ವರ್ಷ, ಆಮೇಲೆ ಸುರಪುರದಲ್ಲಿ ಟ್ಯಾಕ್ಸಿಯಾಗಿ ಹತ್ತು ವರ್ಷ, ಹೀಗೂ ಒಂದು ಗಾಡಿಯ ಬಾಳು ನಡೀತಿತ್ತು. ಪ್ರತಿ ಕೈ ಬದಲಾದಾಗಲೂ ಟಾಪಿಗೆ ಒಂದೆರಡು ತೂತು ಸೇರ್ತಿದ್ದವು, ಒಂದೆರಡು ಮುಚ್ಚಿ ಹೋಗ್ತಿದ್ದವು.

ಒಂದೊಂದು ತೂತಿಗೂ ಒಂದೊಂದು ಜಾತಕ. ನಡುವೆ ಎರಡು ದೊಡ್ಡ ತೂತು ಇದ್ರೆ ಮೈಕ್ ಕಟ್ಟಿದ ಗಾಡಿ ಇರಬಹುದು: ಎಲೆಕ್ಷನ್ ಪ್ರಚಾರ, ಸಿನಿಮಾ ಪ್ರಚಾರ, ಊರಿನ ಡಂಗುರ. ನಾಲ್ಕು ಮೂಲೆಗೆ ಸಾಲಾಗಿ ಇದ್ರೆ ಕ್ಯಾರಿಯರ್. ಮುಂದಿನ ಗಾಜಿನ ಮೇಲೆ ಒಂದೇ ಒಂದು ಸಣ್ಣದಿದ್ರೆ ರೇಡಿಯೋ ಏರಿಯಲ್. ಡ್ರೈವರ್ ತಲೆಯ ನೇರಕ್ಕೆ ಒಂದು ವೈರು ತೂರುವಷ್ಟು ತೂತು, ಅದರ ಸುತ್ತ ಎರಡು-ಮೂರು ಸ್ಕ್ರೂ ತೂತು ಇದ್ರೆ? ಅದು ಗೂಟದ ಕಾರು.

2009ರ ಕೊನೆ-2010ರ ಸುಮಾರಿಗೆ ಯಾದಗಿರಿ ಗುಲ್ಬರ್ಗದಿಂದ ಬೇರೆಯಾಗಿ ರಾಜ್ಯದ 30ನೇ ಜಿಲ್ಲೆಯಾಯ್ತು. ಜಿಲ್ಲಾಧಿಕಾರಿ, ಎಸ್‌ಪಿ, ಜಿಲ್ಲಾ ಪಂಚಾಯಿತಿ ಸಿಇಒ, ಒಬ್ಬೊಬ್ಬರಾಗಿ ಬಂದರು. ಅಲ್ಲಿಯವರೆಗೂ ಮಂತ್ರಿ ಬಂದಾಗ ಮಾತ್ರ ಕಾಣ್ತಿದ್ದ ದೀಪದ ಗಾಡಿ ದಿನಾ ಕಾಣೋ ವಸ್ತುವಾಯ್ತು. ಆದ್ರೆ ಆ ದೀಪದ ದಿನಗಳು ಆಗಲೇ ಎಣಿಸಿದ್ದವು. 2013ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ಕೆಂಪು ದೀಪಕ್ಕೆ ಕಡಿವಾಣ ಹಾಕಿತು, 2017ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಪೂರ್ತಿ ತೆಗೆಯೋ ತೀರ್ಮಾನ ಮಾಡಿತು, ಮೇ 1ರಿಂದ ಜಾರಿ. ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ಇಂಥ ತುರ್ತು ಗಾಡಿಗಳಿಗೆ ಬಿಟ್ಟು ಬೇರೆ ಯಾರಿಗೂ ಇಲ್ಲ. ಮ್ಯಾಗ್ನೆಟ್ಟಿನಲ್ಲಿ ಕೂತಿದ್ದ ದೀಪ ಸುಲಭವಾಗಿ ಎದ್ದವು. ಸ್ಕ್ರೂ ಹಾಕಿ ಕೂರಿಸಿದ್ದವು ಎದ್ದಾಗ ಕೆಳಗೆ ತೂತು. ಅಧಿಕಾರ ಹೋದ ಜಾಗದಲ್ಲಿ ಎಂ-ಸೀಲ್ ಮೆತ್ತಿ, ಬಿಳೀ ಬಣ್ಣ ಹೊಡೆದು, ಗಾಡಿ ಮತ್ತೆ ಕೆಲಸಕ್ಕೆ ಹೊರಟಿತು. ಹರಾಜಿನಲ್ಲಿ ಅಂಥ ಗಾಡಿ ಕೊಂಡವರ ತಲೆ ಮೇಲೆ ನಾಲ್ಕಾರು ಮಳೆಗಾಲ ಆದ ಮೇಲೆ ಹನಿ ಬಿದ್ರೆ ಕಾರಣ ಇದು.

ಕ್ಯಾರಿಯರಿನ ತೂತುಗಳಿಗೆ ಬಂದ್ರೆ ಕಥೆ ಭಾರವಾಗುತ್ತೆ. ಯಾದಗಿರಿ ಅಂದ್ರೆ ಗುಳೆ ಹೋಗೋ ಜಿಲ್ಲೆ. ಕಾಲುವೆ ನೀರು ಮುಟ್ಟಿದ ಊರು ಒಂದು ಬಗೆ, ಮುಟ್ಟದ ಊರು ಇನ್ನೊಂದು ಬಗೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈಗೆ ಹೊರಡೋ ಸಂಸಾರಗಳು ಮೊದಲು ಹಳ್ಳಿಯಿಂದ ಸ್ಟೇಷನ್ನಿಗೋ ಬಸ್ ಸ್ಟ್ಯಾಂಡಿಗೋ ಬರೋದು ಇದೇ ಟ್ರ್ಯಾಕ್ಸ್, ಕ್ರೂಸರ್, ಹಳೇ ಜೀಪುಗಳಲ್ಲಿ. ಜೋಳದ ಚೀಲ, ಪಾತ್ರೆ ಗಂಟು, ಹಾಸಿಗೆ ಸುರುಳಿ ಟಾಪಿನ ಮೇಲೆ. ಮೈಲಾಪುರದ ಮಲ್ಲಯ್ಯನ ಸಂಕ್ರಾಂತಿ ಜಾತ್ರೆಗೆ, ತಿಂಥಣಿಯ ಮೌನೇಶ್ವರನ ಜಾತ್ರೆಗೆ ಹೋಗುವಾಗ ಜಾಗ ಸಾಲದೇ ಮನುಷ್ಯರೂ ಟಾಪಿಗೆ. ಕಾನೂನಿನಲ್ಲಿ ಇದು ತಪ್ಪು, ಜೀವಕ್ಕೆ ಅಪಾಯ, ಎಷ್ಟೋ ಜೀವ ಹೋಗಿವೆ ಕೂಡ. ಆದ್ರೂ ಬೇರೆ ಗಾಡಿ ಇಲ್ಲದ ಹೊತ್ತಿನಲ್ಲಿ ಆ ಆರು ಬೋಲ್ಟುಗಳ ಮೇಲೆ ಒಂದು ಸಂಸಾರ ನಂಬಿಕೆ ಇಟ್ಟಿರುತ್ತೆ. ನಮ್ಮ ಅಪಾರ್ಟ್‌ಮೆಂಟಿನ ಸೆಂಟ್ರಿಂಗ್ ಕಟ್ಟಿ ಚಾವಣಿ ಹಾಕಿದ ಕೈಗಳು ಬಹಳಷ್ಟು ಸಲ ಹೀಗೆ ಟಾಪಿನ ಮೇಲೆ ಗಂಟು ಕಟ್ಟಿ ಬಂದ ಕೈಗಳೇ.

ಅದಕ್ಕೇ ಈ ತೂತನ್ನು ಹೇಗೆ ಮುಚ್ಚಿದ್ದಾರೆ ಅನ್ನೋದು ಬರೀ ಚೆಂದದ ಪ್ರಶ್ನೆ ಅಲ್ಲ.

1950ರ ದಶಕದಲ್ಲಿ ಅಮೆರಿಕದಲ್ಲಿ ಸೀಸದ ಬದಲು ಪಾಲಿಯೆಸ್ಟರ್ ರಾಳಕ್ಕೆ ಟಾಲ್ಕ್ ಪುಡಿ ಬೆರೆಸಿದ ಪುಟ್ಟಿ ಬಂತು. ಸೀಸದ ವಿಷ ಇಲ್ಲ, ಬೆಂಕಿ ಬೇಡ, ಕಾಲು ಗಂಟೆಯಲ್ಲಿ ಗಟ್ಟಿ. ಅದು ತಗ್ಗು ಸಮ ಮಾಡೋಕೆ ಬಂದ ವಸ್ತು, ತೂತು ಮುಚ್ಚೋಕೆ ಅಲ್ಲ. ಆದ್ರೆ ಮಾರಾಟಕ್ಕೆ ನಿಂತ ಗಾಡಿಯಲ್ಲಿ ಏನಾಗುತ್ತೆ? ತೂತಿಗೆ ಪೇಪರ್ ಉಂಡೆಯೋ, ಹತ್ತಿ ವೇಸ್ಟೋ ತುರುಕಿ, ಮೇಲೆ ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹೊಡೆದ್ರೆ ಕನ್ನಡಿ ಹಾಗೆ ಹೊಳೆಯುತ್ತೆ. ಟಾಲ್ಕ್ ಬೆರೆತ ಪುಟ್ಟಿ ತೇವ ಹೀರುತ್ತೆ. ಕೆಳಗಿನ ತುಕ್ಕನ್ನು ತೆಗೆಯದೇ ಮುಚ್ಚಿದ್ರೆ ಅದು ಒಳಗೇ ಬೆಳೆಯುತ್ತೆ, ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತೆ, ಹಾಗಾಗಿ ಒಂದೆರಡು ವರ್ಷಕ್ಕೆ ಬಣ್ಣ ಗುಳ್ಳೆ ಎದ್ದು ಒಡೆಯುತ್ತೆ. ಅಷ್ಟೊತ್ತಿಗೆ ಮಾರಿದವನು ಮೂರು ಗಾಡಿ ಬದಲಾಯಿಸಿರ್ತಾನೆ.

ಸರಿಯಾಗಿ ಮಾಡೋ ಮಿಸ್ತ್ರಿ ಮೊದಲು ಒಳಗಿನ ಸೀಲಿಂಗ್ ಬಟ್ಟೆ ಇಳಿಸ್ತಾನೆ. ಇಳಿಸದಿದ್ರೆ ವೆಲ್ಡಿಂಗ್ ಕಿಡಿಗೆ ಅದಕ್ಕೇ ಬೆಂಕಿ. ಆಮೇಲೆ ತೂತಿನ ಸುತ್ತ ಉಜ್ಜಿ ಉಕ್ಕು ಬೆಳ್ಳಗೆ ಕಾಣೋವರೆಗೂ ಹೋಗ್ತಾನೆ, ಚೂಪಾದ ಮೊಳೆಯಿಂದ ಚುಚ್ಚಿ ತಗಡು ಎಲ್ಲಿವರೆಗೆ ಗಟ್ಟಿ ಇದೆ ಅಂತ ಗೆರೆ ಹಾಕ್ತಾನೆ. ಗೆರೆಯ ಒಳಗಿನದು ಕತ್ತರಿಸಿ ಬಿಸಾಕಬೇಕು, ಅದೇ ಅಳತೆಯ ತಗಡಿನ ತುಂಡು ಕೂರಿಸಬೇಕು. ಕಷ್ಟ ಇರೋದು ಇಲ್ಲಿ. ಈಗಿನ ಟಾಪ್ ತಗಡು ಸುಮಾರು 0.7 ಮಿಲಿಮೀಟರ್ ಅಷ್ಟೇ. ಅಗಲವಾದ, ಹೆಚ್ಚುಕಮ್ಮಿ ಚಪ್ಪಟೆ ತಗಡು. ಒಂದೇ ಸಮ ಬೆಂಕಿ ಹಿಡಿದ್ರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ, ಸುತ್ತಿಗೆಯಿಂದ ಬಡಿದಷ್ಟೂ ಹಿಗ್ಗುತ್ತೆ. ಅದಕ್ಕೆ ಇಲ್ಲೊಂದು ಚುಕ್ಕೆ, ಎದುರಿಗೊಂದು ಚುಕ್ಕೆ, ನಡುವೆ ಒದ್ದೆ ಬಟ್ಟೆಯಿಂದ ತಣಿಸ್ತಾ ವೆಲ್ಡಿಂಗ್ ಮಾಡಬೇಕು. ಬೆರಳು ತೂರೋಷ್ಟು ಸಣ್ಣ ತೂತಾದ್ರೆ ಬೆಂಕಿಯೇ ಬೇಡ. ಅಂಚಿಗೆ ಪ್ರೈಮರ್ ಹಚ್ಚಿ, ಬಾಡಿ ಸೀಲೆಂಟ್ ತುಂಬಿ, ಸರಿಯಾದ ರಬ್ಬರ್ ಬಿರಡೆ ಕೂರಿಸಿದ್ರೆ ಸಾಕು. ಪುಟ್ಟಿ ಏನಿದ್ರೂ ಕೊನೆಗೆ, ಉಗುರಿನಷ್ಟು ತೆಳ್ಳಗೆ, ನೆರಿಗೆ ಮುಚ್ಚೋಕೆ ಮಾತ್ರ.

ಕೊಳ್ಳೋರಿಗೆ ಇದನ್ನು ಪತ್ತೆ ಹಚ್ಚೋದು ಕಷ್ಟ ಅಲ್ಲ. ಒಂದು ಸಣ್ಣ ಮ್ಯಾಗ್ನೆಟ್ ಮೆತ್ತಗಿನ ಬಟ್ಟೆಯಲ್ಲಿ ಸುತ್ತಿ ಟಾಪಿನ ಮೇಲೆ ಆಡಿಸಿ, ಪುಟ್ಟಿ ದಪ್ಪ ಇರೋ ಕಡೆ ಹಿಡಿಯಲ್ಲ. ಬೆರಳಿನ ಗಂಟಿನಿಂದ ತಟ್ಟಿ: ತಗಡು ಟಣ್ ಅನ್ನುತ್ತೆ, ಪುಟ್ಟಿ ಡಬ್ ಅನ್ನುತ್ತೆ. ಒಳಗಿನ ದೀಪದ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ರೆ ತಗಡಿನ ಒಳಮೈ ಕಾಣುತ್ತೆ. ಸೀಲಿಂಗ್ ಬಟ್ಟೆ ಮೇಲೆ ಚಹಾ ಕಲೆಯಂಥ ಕಂದು ಗೆರೆ ಇದ್ರೆ ನೀರು ಆ ದಾರಿ ಬಲ್ಲದು ಅಂತ ತಿಳ್ಕೊಳ್ಳಿ. ಸಣ್ಣ ಬೋಲ್ಟ್ ತೂತಿಗೆ ಹೆದರಬೇಕಾಗಿಲ್ಲ, ಬೆಲೆ ಇಳಿಸೋಕೆ ಒಂದು ನೆಪ ಅಷ್ಟೇ. ಆದ್ರೆ ತುಕ್ಕು ಟಾಪಿನ ಅಂಚು ದಾಟಿ ಕಂಬಗಳಿಗೆ ಇಳಿದಿದ್ರೆ ಆ ಗಾಡಿ ಬೇಡ. ಪಲ್ಟಿಯಾದಾಗ ತಲೆ ಉಳಿಸೋದು ಆ ಕಂಬಗಳು.

ಈ ಕಸುಬಿನ ಕೆಳಗಿನ ನೆಲ ಈಗ ಸರೀತಾ ಇದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ಮುಂದುವರಿಯಲ್ಲ, ಅವು ಗುಜರಿಗೆ ಹೋಗಬೇಕು. ಹರಾಜಿನಲ್ಲಿ ಇಲಾಖೆಯ ಜೀಪು ಹಿಡಿದು, ಟಾಪ್ ಮುಚ್ಚಿಸಿ, ಬಣ್ಣ ಹೊಡೆಸಿ ಹತ್ತು ವರ್ಷ ದುಡಿಸೋ ದಾರಿ ಮುಚ್ಚಿತು. ಹೊಸ ಗಾಡಿಗಳಲ್ಲಿ ಇನ್ಶೂರೆನ್ಸ್ ಇದ್ರೆ ತೇಪೆ ಹಾಕೋದಕ್ಕಿಂತ ಹೊಸ ಪ್ಯಾನೆಲ್ ಕೂರಿಸೋದೇ ರೂಢಿ. ತಗಡು ಬಡಿದು ಆಕಾರ ತರೋ ಹುಡುಗರು ಕಮ್ಮಿಯಾಗ್ತಿದ್ದಾರೆ, ಹಳಬರ ಕಣ್ಣು ವೆಲ್ಡಿಂಗಿಗೆ, ಶ್ವಾಸ ಪುಟ್ಟಿ ಧೂಳಿಗೆ ಸವೆದಿದೆ.

ಆದ್ರೆ ತೂತು ಮಾತ್ರ ವಾಪಸ್ ಬಂದಿದೆ, ಅದೂ ಕಂಪನಿಯಿಂದಲೇ. ನಾವೀಗ ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ಸನ್‌ರೂಫ್ ಇರೋ ಮಾಡೆಲ್ಲೇ ಬೇಕು ಅಂತೀವಿ. ಇದೂ ಹೊಸದಲ್ಲ. ಟಾಪ್ ಪೂರ್ತಿ ಉಕ್ಕಿನದಾದ 1930ರ ದಶಕದಲ್ಲೇ ಅದರಲ್ಲಿ ಕಿಟಕಿ ಕತ್ತರಿಸೋ ಆಸೆಯೂ ಹುಟ್ಟಿತ್ತು. ಸನ್‌ರೂಫಿನ ಗಾಜಿನ ಸುತ್ತ ಒಂದು ಸಣ್ಣ ಗಟಾರ, ಅದರ ಮೂಲೆಗಳಿಂದ ಕಂಬದೊಳಗೆ ಇಳಿಯೋ ತೆಳು ಪೈಪು. ನೀರು ಸ್ವಲ್ಪ ಒಳಗೆ ಬಂದೇ ಬರುತ್ತೆ ಅಂತ ಒಪ್ಪಿಕೊಂಡು ಅದಕ್ಕೆ ಹೊರದಾರಿ ಮಾಡಿದ ಏರ್ಪಾಟು ಅದು. ಆ ಪೈಪಿನಲ್ಲಿ ಧೂಳು, ಎಲೆ ಕಟ್ಟಿದ್ರೆ ನೀರು ಸೀಟಿಗೆ ಇಳಿಯುತ್ತೆ.

ಹತ್ತು ವರ್ಷ ಕಳೆದ ಮೇಲೆ ನಮ್ಮ ಈ ಕಾರುಗಳು ಎಲ್ಲಿಗೆ ಹೋಗುತ್ತವೆ? ಒಂದಷ್ಟು ಶಹಾಪುರ, ಸುರಪುರದ ಕಡೆಗೇ ಹೋಗುತ್ತವೆ. ಬೇವಿನೆಲೆ, ಕೆಂಧೂಳು, ಹತ್ತಿಯ ಎಳೆ ಆ ಪೈಪುಗಳಲ್ಲಿ ಕೂತು, ಮಿರಗದ ಮಾರನೇ ದಿನ ಯಾರೋ ಒಬ್ಬರು ಗ್ಯಾರೇಜಿನ ಮುಂದೆ ನಿಂತು ಟಾಪ್ ಸೋರ್ಲಿಕತ್ತದ ಅಂತಾರೆ. ಉಸ್ತಾದ್ ಒಂದು ಉದ್ದದ ತಂತಿ ಹುಡುಕ್ತಾನೆ. ಅಷ್ಟರೊಳಗೆ ನಮ್ಮ ಕೈಲಾಗೋದು ಇಷ್ಟು: ಮಾರುವಾಗ ಎಲ್ಲಿ ಸೋರುತ್ತೆ ಅಂತ ಮುಚ್ಚಿಡದೇ ಹೇಳೋದು, ಆ ಪೈಪನ್ನು ವರ್ಷಕ್ಕೊಂದು ಸಲವಾದ್ರೂ ಊದಿಸೋದು.